ಫೋಟೋ ಸ್ಟಾಪ್ ತಪ್ಪಿಸ್ಕೊಂಡು ಪ್ರಾಗ್‌ನಲ್ಲಿ ಒಂದು ಮಧ್ಯಾಹ್ನ

ಪ್ಯಾಕೇಜ್ ಟೂರ್‌ನಲ್ಲಿ ಯೂರೋಪ್‌ಗೆ ಹೋಗೋರು ದುಡ್ಡು ಕಟ್ಟೋ ಮುಂಚೆ ಒಂದು ಕೆಲಸ ಮಾಡಿ, ಐಟಿನರಿಯಲ್ಲಿ ಎಲ್ಲೆಲ್ಲಿ ಫೋಟೋ ಸ್ಟಾಪ್ ಅಂತ ಹಾಕಿದಾರೆ ನೋಡ್ಕೊಳ್ಳಿ. ಅಲ್ಲೆಲ್ಲ ಬಸ್ಸು ಹತ್ತೋ ಹದಿನೈದೋ ನಿಮಿಷ ನಿಲ್ಲುತ್ತೆ, ಹೊರಗಿಂದ ಫೋಟೋ ಹೊಡ್ಕೊಂಡು ವಾಪಸ್ ಹತ್ತಬೇಕು, ಒಳಗೆ ಹೋಗೋ ಮಾತೇ ಇಲ್ಲ. ಜೂನ್‌ನಲ್ಲಿ ಪ್ಯಾರಿಸ್‌ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತರ ಹತ್ತಿರ, ಐಫೆಲ್ ಟವರ್ ಮಿಣಮಿಣ ಅನ್ನೋದು ಕತ್ತಲಾದ್ಮೇಲೆ, ನಮ್ಮವರು ಏಳು ಗಂಟೆಗೆಲ್ಲ ಇಂಡಿಯನ್ ಡಿನ್ನರ್ ಅಂತ ಪನೀರ್ ತಿನ್ನಿಸಿ ಹೋಟೆಲ್‌ಗೆ ತಂದು ಬಿಟ್ರು. ಈಗಲೂ ಹೊಟ್ಟೆ ಉರಿಯುತ್ತೆ.

ಸ್ವಿಸ್ ಬಗ್ಗೆ ಬರೆಯಲ್ಲ, ಎಲ್ಲರ ಸ್ಟೇಟಸ್‌ನಲ್ಲೂ ಅದೇ ಬೆಟ್ಟ, ಅದೇ ಹಸು.

ಪ್ರಾಗ್‌ಗೆ ಬಂದ್ವಿ. ಚಾರ್ಲ್ಸ್ ಬ್ರಿಡ್ಜ್ ಮೇಲೆ 30 ವಿಗ್ರಹಗಳಿವೆ, ಆದ್ರೆ ಕ್ಯೂ ಇರೋದು ಸೇಂಟ್ ಜಾನ್ ನೆಪೊಮುಕ್ ಒಬ್ಬನ ಮುಂದೆ. ಅವನ ಕಾಲ ಕೆಳಗಿನ ಕಂಚಿನ ಫಲಕ ಮುಟ್ಟಿದ್ರೆ ಒಳ್ಳೇದಾಗುತ್ತೆ ಅಂತ ಮುಟ್ಟಿ ಮುಟ್ಟಿ, ಫಲಕವೆಲ್ಲ ಕಪ್ಪಗಿದ್ರೂ ಅದರಲ್ಲಿರೋ ನಾಯಿ ಮಾತ್ರ ಚಿನ್ನದ ಥರ ಹೊಳೀತಿದೆ. ಕೈ ಇಟ್ಟು, ಕ್ಯಾಮೆರಾ ಕಡೆ ನಕ್ಕು, ನೆಕ್ಸ್ಟ್. ಮಧ್ಯಾಹ್ನ ಕ್ರಿಸ್ಟಲ್ ಶಾಪಿಂಗ್ ಅಂದ್ರು. ನಾನು ಹೆಂಡ್ತಿನ ಗುಂಪಿನ ಜೊತೆ ಬಿಟ್ಟು ಸೇತುವೆ ಆ ಕಡೆ ಇರೋ ಊಯೆಸ್ಡ್ ಬೀದಿಗೆ ಹೊರಟೆ. ಜೊತೆಗೆ ಬಂದೋರು ತಿಪಟೂರಿನ ಒಬ್ಬ ಅಂಕಲ್, "ಆ ಗಾಜು ನೋಡ್ತಾ ನಿಂತ್ಕೊಳ್ಳೋಕೆ ನನ್ ಮಂಡಿ ಕೇಳಲ್ಲಪ್ಪ, ನಡಿ" ಅಂತ. ಅವರು ಮೂವತ್ತು ವರ್ಷಕ್ಕೂ ಮೇಲೆ ಫೋಟೋ ಸ್ಟುಡಿಯೋ ನಡೆಸಿದವರು ಅಂತ ಗೊತ್ತಾಗಿದ್ದು ದಾರೀಲೇ.

ನಾನು ನೋಡಬೇಕು ಅಂದುಕೊಂಡಿದ್ದು ಜೆಕ್ ಫೋಟೋಗ್ರಾಫರ್ ಯೋಸೆಫ್ ಸುಡೆಕ್‌ನ ಸ್ಟುಡಿಯೋ. 1896ರಲ್ಲಿ ಹುಟ್ಟಿದವನು, ಪುಸ್ತಕಕ್ಕೆ ಬೈಂಡ್ ಹಾಕೋ ಕೆಲಸ ಕಲಿತವನು, ಮೊದಲ ಮಹಾಯುದ್ಧದಲ್ಲಿ ಇಟಲಿ ರಣರಂಗದಲ್ಲಿ ಬಲಗೈ ಹೋಯ್ತು, ಬೈಂಡಿಂಗ್ ಬಿಟ್ಟು ಫೋಟೋಗ್ರಾಫರ್ ಆದ. ನಾಜಿಗಳ ಕಾಲದಲ್ಲಿ ಬೀದೀಲಿ ಕ್ಯಾಮೆರಾ ಹಿಡ್ಕೊಂಡು ಓಡಾಡೋದು ಕಷ್ಟ ಆದಾಗ ತನ್ನ ಸ್ಟುಡಿಯೋ ಕಿಟಕಿಯ ಫೋಟೋನೇ ತೆಗೆಯೋಕೆ ಶುರು ಮಾಡಿ, 1940ರಿಂದ 1954ರವರೆಗೂ ಅದನ್ನೇ ತೆಗೆದ. ನೀರು ಇಳೀತಿರೋ ಗಾಜು, ಹಿಮ ಕಟ್ಟಿರೋ ಗಾಜು, ಆಚೆ ಒಂದು ಸೊಟ್ಟ ಮರ.

ಬೀದಿಯಿಂದ ಕಾಣೋದೇ ಇಲ್ಲ, ಮನೆಗಳ ಹಿಂದಿನ ಅಂಗಳದಲ್ಲಿ ಒಂದು ಸಣ್ಣ ಮರದ ಶೆಡ್ಡು. ಮೂಲದ್ದು 1985ರಲ್ಲಿ ಸುಟ್ಟುಹೋಯ್ತು, ಈಗಿರೋದು 2000ದಲ್ಲಿ ಹಾಗೇ ಕಟ್ಟಿರೋದು, ಒಳಗೆ ಪುಟ್ಟ ಗ್ಯಾಲರಿ. ಅಲ್ಲಿದ್ದ ಒಂದು ಪುಸ್ತಕ ತೆಗೆದು ಅಂಕಲ್ ಕೂತ್ಬಿಟ್ರು.

"ಇದು ಕಾಂಟ್ಯಾಕ್ಟ್ ಪ್ರಿಂಟ್ ಕಣಪ್ಪ. ನೆಗೆಟಿವ್‌ನ ಪೇಪರ್ ಮೇಲೇ ಇಟ್ಟು ಲೈಟ್ ಬಿಡೋದು. ಎನ್ಲಾರ್ಜರ್ ಇಲ್ಲ."

"ಹಾಗಾದ್ರೆ ಫೋಟೋ ದೊಡ್ಡದಾಗಬೇಕು ಅಂದ್ರೆ?"

"ಕ್ಯಾಮೆರಾನೇ ದೊಡ್ಡದಿರ್ಬೇಕು! ಮರದ ಪೆಟ್ಟಿಗೆ, ಸ್ಟ್ಯಾಂಡು, ಹೋಲ್ಡರ್‌ಗಳು. ಎರಡು ಕೈ ಇರೋ ನಾನೇ ಮದುವೆ ಮನೆಗೆ ಸಾಮಾನು ಹೊರೋಕೆ ಒಬ್ಬ ಹುಡುಗನ್ನ ಕರ್ಕೊಂಡು ಹೋಗ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಕತ್ತಲಲ್ಲಿ ಒಂದೇ ಕೈಲಿ ಫಿಲ್ಮ್ ಲೋಡ್ ಹೆಂಗೆ ಮಾಡ್ತಿದ್ದ, ಕೇಳು ಆಯಮ್ಮನ್ನ."

ಮೇಜಿನ ಹಿಂದೆ ಇದ್ದ ಹೆಂಗಸಿಗೆ ಇಂಗ್ಲಿಷ್‌ನಲ್ಲಿ ಕೇಳಿದೆ. ಆಕೆ ಮಾತೇ ಆಡದೆ ಒಂದು ಕಾರ್ಡ್ ತಗೊಂಡು ಹಲ್ಲಲ್ಲಿ ಕಚ್ಚಿ ತೋರಿಸಿದ್ಲು. ಅಂಕಲ್‌ಗೆ ಭಾಷಾಂತರ ಬೇಕಾಗಲಿಲ್ಲ, "ಅಯ್ಯೋ ಶಿವನೇ, ಫಿಲ್ಮ್ ಮೇಲಿನ ಎಮಲ್ಷನ್ ಲೇಪಕ್ಕೆ ಎಂಜಲು ತಾಗಿದ್ರೆ ಕಲೆ ಆಗಲ್ವಾ!" ಅಂತ ಶುರು ಮಾಡಿದ್ರು ನೋಡಿ, ಪ್ರಿಂಟ್ ಹಾಕೋ ಬ್ರೋಮೈಡ್ ಪೇಪರ್, ಫೋಟೋ ತೊಳೆಯೋ ಹೈಪೋ ದ್ರಾವಣ, ಪಾಸ್‌ಪೋರ್ಟ್ ಫೋಟೋಗೆ ಪೆನ್ಸಿಲ್‌ನಲ್ಲಿ ಟಚಪ್ ಮಾಡ್ತಿದ್ದಿದ್ದು, ಡಿಜಿಟಲ್ ಬಂದ್ಮೇಲೆ ಡಾರ್ಕ್‌ರೂಮ್‌ನ ಜೆರಾಕ್ಸ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದು, ನಾನು ಅರ್ಧಂಬರ್ಧ ಆಕೆಗೆ ಇಂಗ್ಲಿಷ್‌ನಲ್ಲಿ ಹೇಳ್ತಾ ಇದ್ರೆ ಆಕೆನೂ ಕೆಲಸ ಬಿಟ್ಟು ಕೂತು ಕೇಳ್ತಿದ್ಲು.

ಆಮೇಲೆ ಅಂಕಲ್ ಕಿಟಕಿ ಚಿತ್ರ ಒಂದರ ಮೇಲೆ ಬೆರಳಿಟ್ಟು, "ನೋಡು, ಫೋಕಸ್ ಗಾಜಿನ ಮೇಲಿನ ಹನಿಗೆ ಇಟ್ಟಿದಾನೆ, ಮರ ಮಸುಕು. ನಿನ್ನೆ ಬಸ್ಸಲ್ಲಿ ಮಳೆ ಬಂದಾಗ ನಿಮ್ ಮೊಬೈಲೆಲ್ಲ ಹಿಂಗೇ ಹನಿಗೆ ಫೋಕಸ್ ಆಯ್ತು ಅಂತ ಅಷ್ಟೂ ಡಿಲೀಟ್ ಮಾಡಿದ್ರಲ್ಲಪ್ಪ" ಅಂದ್ರು. ನನಗೆ ನಗು ಬಂತು. ಆದ್ರೂ ಬಸ್ಸಿಂದ ತೆಗೀಲೇಬೇಕು ಅನ್ನೋರು ಫೋನನ್ನ ಕಿಟಕಿ ಗಾಜಿಗೆ ಒತ್ತಿ ಹಿಡೀರಿ, ಸೀಟ್ ಕವರ್ ರಿಫ್ಲೆಕ್ಷನ್ ಬೀಳಲ್ಲ.

ಹೋಗೋರಿದ್ರೆ, ಟ್ರಾಮ್ ಸ್ಟಾಪಿನ ಹೆಸರೂ ಊಯೆಸ್ಡ್ ಅಂತಲೇ, ಸೇತುವೆಯಿಂದ ನಡ್ಕೊಂಡೂ ಹೋಗಬಹುದು. ಗುಂಪಲ್ಲಿ ಬಂದಿದ್ರೆ ಟೂರ್ ಮ್ಯಾನೇಜರ್‌ಗೆ ಮೊದಲೇ ಮೆಸೇಜ್ ಹಾಕಿಡಿ. ನಾವು ಲೇಟಾಗಿ ಬಸ್ ಹತ್ತಿದಾಗ ಆತ ಎಲ್ಲರ ಮುಂದೆ ಬೈದ, ಅಂಕಲ್ ಪೂರ್ತಿ ಕೇಳಿಸ್ಕೊಂಡು, "ಫೋಟೋ ಸ್ಟಾಪ್ ಸ್ವಲ್ಪ ಉದ್ದ ಆಯ್ತು ಬಿಡಿ ಸರ್" ಅಂತ ಹೇಳಿ ಸೀಟಲ್ಲಿ ಕೂತು ಚಕ್ಕುಲಿ ಪೊಟ್ಟಣ ಬಿಚ್ಚಿದ್ರು.