ಅರ್ಧಕ್ಕೆ ನಿಂತ ಕೌದಿಗಳು

ಧಾರವಾಡದ ನಮ್ಮ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ, ಅವ್ವ ಮತ್ತು ನಾನು ಬೇರೆ ಬೇರೆ ವರ್ಷಗಳಲ್ಲಿ ಹುರುಪಿನಿಂದ ಶುರುಮಾಡಿ ಮುಗಿಸದೆ ಬಿಟ್ಟಿದ್ದ ಹೊಲಿಗೆಯೆಲ್ಲ ಸೇರಿಕೊಂಡಿತ್ತು. ಅವ್ವ ಹಾಕಿದ್ದ ಒಂದು ದೊಡ್ಡ ಕೌದಿ, ಅಕ್ಕನ ಮಗನಿಗೆಂದು ನಾನು ಹಿಡಿದಿದ್ದ ತೊಟ್ಟಿಲ ಕೌದಿ, ಕುಪ್ಪಸದ ಬಟ್ಟೆಯಾದ ಖಣದ ಚೌಕಗಳನ್ನು ಮಷಿನ್ನಿನಲ್ಲಿ ಜೋಡಿಸುತ್ತ ಹೋಗಿ ನಿಂತಿದ್ದ ಒಂದು ಹೊದಿಕೆಯ ಮೇಲ್ಪದರ, ಇವುಗಳ ನಡುವೆ ತುರುಕಿದ್ದ ಲೆಕ್ಕವಿಲ್ಲದಷ್ಟು ಚೂರು ಅರಿವೆ. ಕಳೆದ ಬೇಸಿಗೆಯಲ್ಲಿ ಇವನ್ನೆಲ್ಲ ಹೊರತೆಗೆದು ಒಂದು ದಾರಿಗೆ ಹಚ್ಚಲು ಸಾಧ್ಯವಾದದ್ದು ದೊಡ್ಡವ್ವ ನಮ್ಮಲ್ಲಿಗೆ ಬಂದು ಉಳಿದಿದ್ದರಿಂದ. ನವಲಗುಂದದ ಕಡೆಯ ಹಳ್ಳಿಯವಳಾದ ಅವಳು ಕಣ್ಣಿನ ಪೊರೆ ತೆಗೆಸಿಕೊಂಡು ಆರೈಕೆಗೆಂದು ನಮ್ಮ ಮನೆಯಲ್ಲಿದ್ದಳು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಆಯಾಸ ಕೊಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸೂಜಿ ಮುಟ್ಟುವಂತಿರಲಿಲ್ಲ. ಆದರೆ ಜೀವಮಾನವೆಲ್ಲ ಕೌದಿ ಹೊಲಿದವಳಿಗೆ ಸುಮ್ಮನೆ ಕೂಡುವುದೂ ಆಗುತ್ತಿರಲಿಲ್ಲ. ಕುರ್ಚಿಯ ಮೇಲೆ ಕುಳಿತು, ಬಟ್ಟೆಯನ್ನು ಬೆರಳಿನಿಂದ ಹಿಚುಕಿ ನೋಡುತ್ತ, ನನ್ನ ಕೈಯಿಂದ ತನ್ನ ಕೆಲಸ ಮಾಡಿಸಿಕೊಂಡಳು.

ಅವ್ವನ ಕೌದಿಯನ್ನು ಪಡಸಾಲೆಯ ನೆಲದ ಮೇಲೆ ಹಾಸಿದಾಗ ನಾನು ಮೇಲ್ಭಾಗದ ಬಣ್ಣಗಳನ್ನು ನೋಡುತ್ತ ನಿಂತಿದ್ದೆ. ದೊಡ್ಡವ್ವ ಅದನ್ನು ಹೊರಳಿಸಲು ಹೇಳಿದಳು.

"ಬೋರಲ ಹಾಕು. ಕೌದೀದ ಬ್ಯಾನಿ ಬೆನ್ನಾಗ ಕಾಣತೈತಿ. ಯಾವ ಕೌದೀನೂ ತಾನಾಗೆ ಅರ್ಧಕ್ಕ ನಿಂದ್ರೂದಿಲ್ಲವಾ, ಏನರ ಅಡ್ಡ ಬಂದಿರತೈತಿ. ಅದನ್ನ ಮೊದಲ ಹುಡುಕು, ಆಮ್ಯಾಲೆ ಸೂಜಿ ಹಿಡಿ."

ಆ ಬೇಸಿಗೆಯ ಕೆಲಸವೆಲ್ಲ ಈ ಮಾತಿನ ಆಧಾರದ ಮೇಲೆಯೇ ನಡೆಯಿತು. ಬಿಟ್ಟುಹೋದ ಹೊಲಿಗೆಯನ್ನು ಕಂಡಾಗ ಸೋಮಾರಿತನವನ್ನೋ ಸಮಯದ ಅಭಾವವನ್ನೋ ಕಾರಣವಾಗಿ ಹೇಳಿ ಮುಗಿಸುವುದು ನಮಗೆಲ್ಲ ರೂಢಿಯಾಗಿದೆ. ಅದು ಅರ್ಧ ಸತ್ಯ ಮಾತ್ರವೆಂದು ಈಗ ನನಗೆ ಖಚಿತವಾಗಿದೆ, ಏಕೆಂದರೆ ಆ ಟ್ರಂಕಿನಲ್ಲಿದ್ದ ಒಂದೊಂದು ಹೊಲಿಗೆಯೂ ನಿಂತ ಜಾಗದಲ್ಲಿ ಬಟ್ಟೆಯಲ್ಲಿಯೇ ಒಂದು ಕಾರಣವಿತ್ತು.

ನಮ್ಮ ಮನೆಯಲ್ಲಿ ಕೌದಿ ಹಾಕುವ ಕ್ರಮವನ್ನು ಇಲ್ಲಿ ಹೇಳಬೇಕು. ಅಡಿಯಲ್ಲಿ ಗಟ್ಟಿಯಾಗಿ ಉಳಿದಿರುವ ಒಂದು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಧೋತರ, ಸವೆದ ಪತ್ತಲ, ಕೆಲವೊಮ್ಮೆ ಪೂರ್ತಿ ಜೀರ್ಣವಾದ ಇನ್ನೊಂದು ಕೌದಿಯನ್ನೇ ಒಳಪದರವಾಗಿ ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ತೇಪೆಗಳನ್ನು ಕೂಡಿಸುತ್ತಾರೆ. ಪದರಗಳು ಜಾರದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡು, ಆಮೇಲೆ ಹೊರ ಅಂಚಿನಿಂದ ಆರಂಭಿಸಿ ನಾಲ್ಕೂ ಬದಿಗೆ ಸುತ್ತುತ್ತ, ಸುತ್ತಿನಿಂದ ಸುತ್ತಿಗೆ ಬೆರಳಗಲ ಒಳಗೆ ಸರಿಯುತ್ತ, ನಟ್ಟನಡುವೆ ಬಂದು ಮುಗಿಸುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯೂ ಹೀಗೆಯೇ ಮೂಲೆಯಿಂದ ಹೊರಟು ಅಂಚಿನಗುಂಟ ಸುತ್ತಿ ನಡುವಿಗೆ ಬರುತ್ತದೆ. ಅವರು ಒಂದೊಂದು ತುಂಡಿನ ಅಂಚನ್ನೂ ಆಗಿಂದಾಗ ಮಡಚಿ ಸೇರಿಸುತ್ತ ಹೋಗುತ್ತಾರೆ, ಮತ್ತು ಮೂಲೆಗಳಿಗೆ ಮಡಿಸಿದ ತ್ರಿಕೋನದ ಫುಲಾ ಎಂಬ ಹೂವನ್ನು ಕೂಡಿಸುತ್ತಾರೆ. ಹೀಗೆ ಹೊರಗಿನಿಂದ ಒಳಗೆ ಹೊಲಿಯುವ ಕೌದಿ ಅರ್ಧಕ್ಕೆ ನಿಂತರೆ ಅದರ ಅಂಚು ಬಿಗಿಯಾಗಿರುತ್ತದೆ, ನಡು ಮಾತ್ರ ಪದರ ಪದರವಾಗಿ ಬಾಯಿ ಬಿಟ್ಟುಕೊಂಡಿರುತ್ತದೆ.

ಅವ್ವನ ಕೌದಿಯ ಬೆನ್ನು ಎಲ್ಲವನ್ನೂ ಹೇಳಿತು. ಹೊರಗಿನ ಸುತ್ತುಗಳಲ್ಲಿ ಅವಳ ಹೊಲಿಗೆ ಜೋಳದ ಕಾಳಿನಷ್ಟು ಚಿಕ್ಕದು, ಒಂದೇ ಅಳತೆಯದು. ಒಳಗೆ ಬಂದಂತೆ ಅದು ಉದ್ದವಾಗುತ್ತ ಹೋಗಿತ್ತು. ಕೊನೆಯ ಸುತ್ತುಗಳಲ್ಲಿ ಸಾಲು ಡೊಂಕಾಗಿ, ಅಲ್ಲಲ್ಲಿ ದಾರ ಕಡಿದು ಮತ್ತೆ ಗಂಟು ಹಾಕಿದ ಗುರುತುಗಳಿದ್ದವು. ಹೊಲಿಗೆ ನಿಂತಿದ್ದ ಕಡೆ ಸೂಜಿಯೂ ಚುಚ್ಚಿದಂತೆಯೇ ಉಳಿದು, ತುಕ್ಕು ಹಿಡಿದು, ಸುತ್ತಲಿನ ಬಟ್ಟೆಗೆ ಕಾಸಗಲದ ಕಂದು ಕಲೆಯನ್ನು ಬಿಟ್ಟಿತ್ತು. ದೊಡ್ಡವ್ವ ಅಷ್ಟು ಭಾಗವನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡು ಬೆರಳಿನ ನಡುವೆ ಪದರಗಳನ್ನು ತಿಕ್ಕಿ ನೋಡಿ, "ಒಳಗ ನೈಲಾನ್ ಹಾಕ್ಯಾಳ ನಮ್ಮ ತಂಗಿ" ಎಂದಳು. ಬಿಚ್ಚಿ ನೋಡಿದರೆ ನಿಜವಾಗಿಯೂ ಒಳಪದರದಲ್ಲಿ ಎರಡು ನೈಲಾನ್ ಸೀರೆಗಳಿದ್ದವು. ಉಟ್ಟಷ್ಟೂ ಹರಿಯದ, ಯಾರಿಗೂ ಕೊಡಲಾಗದ ಆ ಸೀರೆಗಳನ್ನು ಅವ್ವ ಕೌದಿಯ ಹೊಟ್ಟೆಗೆ ಹಾಕಿ ಮುಗಿಸಲು ನೋಡಿದ್ದಳು. ಹತ್ತಿ ಸವೆದಷ್ಟೂ ಮೃದುವಾಗಿ ಸೂಜಿಗೆ ದಾರಿ ಬಿಡುತ್ತದೆ, ಪಕ್ಕದ ಪದರವನ್ನು ಕಚ್ಚಿ ಹಿಡಿಯುತ್ತದೆ. ನೈಲಾನ್ ಜಾರುತ್ತದೆ, ಸುಕ್ಕಾಗಿ ಒಂದೆಡೆ ಸೇರುತ್ತದೆ, ಬೆವರನ್ನು ಹೀರುವುದೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಹೊಲಿಯುತ್ತಿದ್ದವಳ ಕೈ ಅಲ್ಲಿಗೆ ಬಂದು ಸೋತದ್ದು ಏಕೆಂದು ನನಗೆ ಆಗ ತಿಳಿಯಿತು, ಮತ್ತು ಅವಳು ಈ ವಿಷಯವನ್ನು ನಮ್ಮ ಮುಂದೆ ಎಂದೂ ಹೇಳಿಕೊಳ್ಳಲಿಲ್ಲವಲ್ಲ ಎಂದು ಬೇಸರವಾಯಿತು.

ಹಾಗಾದರೆ ಮುಗಿಸುವುದು ಹೇಗೆ? ಡೊಂಕಾದ ಸುತ್ತುಗಳನ್ನಷ್ಟೇ ಬಿಚ್ಚಬೇಕೆಂದು ದೊಡ್ಡವ್ವ ತೀರ್ಮಾನಿಸಿದಳು. ಬೆನ್ನ ಕಡೆಯಿಂದ ಅಷ್ಟಷ್ಟು ದೂರಕ್ಕೆ ಒಂದು ಹೊಲಿಗೆಯನ್ನು ಕತ್ತರಿಯ ತುದಿಯಿಂದ ಕಡಿದು, ಮೇಲಿನಿಂದ ದಾರವನ್ನು ಎಳೆದರೆ ಬಟ್ಟೆ ಹರಿಯದೆ ಬರುತ್ತದೆ. ಹೊಲಿಗೆಯನ್ನೇ ಹಿಡಿದು ಜಗ್ಗಿದರೆ ಹಳೆಯ ಅರಿವೆ ದಾರದ ಜೊತೆಗೆ ಸೀಳುತ್ತದೆ. ತೆರೆದ ನಡುವಿನಿಂದ ನೈಲಾನನ್ನು ಹೊರಗೆಳೆದು, ಹೊರಗಿನ ಬಿಗಿ ಹೊಲಿಗೆಯಲ್ಲಿ ಸಿಕ್ಕಿದ್ದಷ್ಟನ್ನು ಅಲ್ಲಿಯೇ ಕತ್ತರಿಸಿ ಬಿಟ್ಟು, ಖಾಲಿಯಾದ ಜಾಗಕ್ಕೆ ಅಪ್ಪನ ಎರಡು ಧೋತರಗಳನ್ನು ಮಡಿಕೆ ಬೀಳದಂತೆ ಹರಡಿದೆವು. ಹೊಸ ಬಟ್ಟೆಯನ್ನು ತಂದು ಹಾಕುವ ನನ್ನ ಸಲಹೆಯನ್ನು ಅವಳು ಒಪ್ಪಲಿಲ್ಲ. ಹೊಸ ಹತ್ತಿ ತೊಳೆದಾಗ ಕುಗ್ಗುತ್ತದೆ. ಕುಗ್ಗಿ ಮುಗಿದಿರುವ ಹಳೆಯ ಬಟ್ಟೆಯ ಜೊತೆ ಸೇರಿದರೆ ಮೊದಲ ತೊಳೆತಕ್ಕೇ ಕೌದಿ ಮುದುಡುತ್ತದೆ. ದಸರಾಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ಊರಿನಿಂದ ಬಂದವಳಿಗೆ ಕೌದಿಯ ಪರೀಕ್ಷೆಯೆಂದರೆ ನೀರಿನಲ್ಲಿಯೇ. ನೀರು ಕುಡಿದ ಕೌದಿಯನ್ನು ಎತ್ತುವಾಗ ಅದರ ಭಾರವನ್ನೆಲ್ಲ ಹೊಲಿಗೆಯೇ ತಾಳಬೇಕು.

ನಡುವಿನ ತೇಪೆಗೆಂದು ಅವ್ವ ಏನನ್ನು ಎತ್ತಿಟ್ಟಿದ್ದಳೆಂಬುದು ಟ್ರಂಕಿನ ತಳದಲ್ಲಿ ಸಿಕ್ಕಿತು: ಅವಳದೇ ಇಳಕಲ್ಲ ಸೀರೆಯ ಕೆಂಪು ಸೆರಗು. ಇಳಕಲ್ಲ ಸೀರೆಯಲ್ಲಿ ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ, ಹಾಗೆ ಕೂಡಿದ ಸೆರಗಿಗೆ ತೋಪ ತೆನಿ ಸೆರಗು ಎನ್ನುತ್ತಾರೆ. ಕೂಡಿದ ಆ ಗೆರೆಯ ಹತ್ತಿರ ಕತ್ತರಿ ಆಡಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆಂದು ನಾವು ಮೈಯ ಬಟ್ಟೆಯನ್ನು ಒಂದು ಗೇಣು ಬಿಟ್ಟೇ ಕತ್ತರಿಸಿ, ಬಿಟ್ಟಷ್ಟನ್ನು ಒಳಗೆ ಮಡಚಿದೆವು. ಆದರೆ ಅದಕ್ಕೂ ಮೊದಲು ಕೆಂಪಿನ ಚಿಂತೆ ಇತ್ತು. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಸೆರಗಿನ ಮೇಲೆ ಒತ್ತಿ ಹಿಡಿದಾಗ ಬಣ್ಣ ಹತ್ತಿತು. ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಬದಲಿಸಿ, ನೆರಳಿನಲ್ಲಿ ಒಣಗಿಸಿ, ಪುನಃ ಬಿಳಿ ಬಟ್ಟೆ ಒತ್ತಿ ನೋಡಿದ ಮೇಲೆಯೇ ಅದನ್ನು ಕೌದಿಯ ನಡುವೆ ಇಟ್ಟೆವು. ತುಕ್ಕಿನ ಕಲೆಯೂ ಅದರಡಿಯಲ್ಲಿ ಮುಚ್ಚಿಹೋಯಿತು.

ಹೊಲಿಯುವ ದಿನಗಳಲ್ಲಿ ದೊಡ್ಡವ್ವನಿಂದ ಕಲಿತ ಒಂದು ಉಪಾಯವನ್ನು ಹೊಲಿಗೆಯಲ್ಲಿ ಆಸಕ್ತಿಯಿರುವ ಎಲ್ಲರಿಗೂ ಹೇಳಬಯಸುತ್ತೇನೆ. ಕಣ್ಣು ಮಂಜಾಗಿದ್ದ ವರ್ಷಗಳಲ್ಲಿ ಅವಳು ಬೆಳಿಗ್ಗೆ ಮೊಮ್ಮಗಳಿಂದ ರೀಲಿನ ದಾರಕ್ಕೇ ಹತ್ತಾರು ಸೂಜಿಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಇಟ್ಟುಕೊಳ್ಳುತ್ತಿದ್ದಳಂತೆ. ಬೇಕಾದಾಗ ತುದಿಯ ಸೂಜಿಯೊಂದನ್ನು ಹಿಡಿದು, ಉಳಿದವನ್ನು ರೀಲಿನ ಕಡೆಗೆ ಸರಿಸಿ, ಕೈಯಳತೆಯ ದಾರ ಬಿಟ್ಟು ಕತ್ತರಿಸಿದರೆ ಆಯಿತು. ಇಡೀ ದಿನ ಯಾರನ್ನೂ ಕೂಗಬೇಕಾಗಿಲ್ಲ. ಸುಭಾಸ ರೋಡಿನಿಂದ ನಾನು ತಂದ ದಾರವನ್ನು ಅವಳು ಜೇನುಮೇಣದ ತುಂಡಿನ ಮೇಲೆ ಎಳೆದು ಕೊಡುತ್ತಿದ್ದಳು, ಗಂಟು ಬೀಳಬಾರದೆಂದು. ಕೊನೆಯ ಸುತ್ತು ಮುಚ್ಚುವ ಮುನ್ನ, ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದು ನಾಲ್ಕು ಕಾಳು ಜೋಳವನ್ನು ಒಳಗೆ ಹಾಕಿಸಿದಳು. ನಮ್ಮ ಮನೆತನದಲ್ಲಿ ಇದು ನಡೆದುಬಂದ ಪದ್ಧತಿ, ನಾನೂ ಬಿಡುವವಳಲ್ಲ.

ತೊಟ್ಟಿಲ ಕೌದಿಯ ಕಾರಣವನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ಕೂಸು ಲೆಕ್ಕಕ್ಕಿಂತ ಮೊದಲೇ ಹುಟ್ಟಿತ್ತು. ಆಮೇಲೆ ತಿಂಗಳುಗಟ್ಟಲೆ ಎಲ್ಲರ ಗಮನ ಆ ಸಣ್ಣ ಜೀವದ ಮೇಲೆಯೇ ಇತ್ತು. ಈಗ ಅವನು ಶಾಲೆಗೆ ಹೋಗುತ್ತಾನೆ. ಇನ್ನಾವುದಾದರೂ ಕೂಸಿಗೆ ಬಂದೀತೆಂದು ನಾನು ಅದನ್ನು ಹಾಗೆಯೇ ಮುಗಿಸಲು ಹೊರಟಾಗ ದೊಡ್ಡವ್ವ ತಡೆದಳು. "ಅವನ ಸಲುವಾಗಿ ಹಿಡಿದದ್ದು ಅವಂಗ ಮುಟ್ಟಬೇಕು. ಕೌದಿ ಬೆಳೀತೈತಿ ತಗಿ, ಸುತ್ತ ಪಟ್ಟಿ ಹಚ್ಚು." ಅಡಿಯ ಬಟ್ಟೆಗೆ ನಾಲ್ಕೂ ಕಡೆ ಹಳೆಯ ಸೀರೆಯ ಪಟ್ಟಿಯನ್ನು ಒಂದರ ಮೇಲೊಂದು ಬರುವಂತೆ ಕೂಡಿಸಿ, ಒಳಪದರವನ್ನು ಕೂಡಿಕೆಯಿಂದ ಆಚೆ ಸ್ವಲ್ಪ ದೂರಕ್ಕೆ ಬರುವಂತೆ ಹಾಸಿದರೆ, ಎರಡು ಕೂಡಿಕೆಗಳು ಒಂದೇ ಗೆರೆಗೆ ಬಿದ್ದು ಅಲ್ಲಿ ಮಡಿಕೆಯಾಗುವುದು ತಪ್ಪುತ್ತದೆ. ಮೇಲಿನ ತೇಪೆಗಳಿಗೆ ಅವನಿಗೆ ಚಿಕ್ಕದಾದ ಅಂಗಿಗಳನ್ನೇ ಅಕ್ಕ ಕಳಿಸಿದ್ದಳು. ಶಾಲೆಯ ಯೂನಿಫಾರ್ಮ್ ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಆಗಿದ್ದರಿಂದ ದೊಡ್ಡವ್ವ ಅದನ್ನು ಬದಿಗೆ ಸರಿಸಿದಳು. ಒಳಗೆ ಬೇಡ, ಸರಿ. ಮೇಲೆ ಒಂದು ತೇಪೆಯಾಗಿ ಇದ್ದರೆ ಕೌದಿಗೆ ಏನೂ ಆಗುವುದಿಲ್ಲವೆಂದು ನಾನು ಹಟ ಹಿಡಿದೆ. ಕೊನೆಗೆ ಅಂಗಿಯ ಜೇಬಿರುವ ಭಾಗವನ್ನು ಕತ್ತರಿಸಿ, ಜೇಬಿನ ಬಾಯಿ ಬಿಟ್ಟು ಸುತ್ತಲೂ ಹೊಲಿದೆ. ಅವನು ಅದರಲ್ಲಿ ಈಗ ಗೋಲಿಗಳನ್ನು ಇಟ್ಟುಕೊಳ್ಳುತ್ತಾನೆ.

ಖಣದ ಹೊದಿಕೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬೇಗ ಒಪ್ಪಲಿಲ್ಲ. ಗುಳೇದಗುಡ್ಡದ ಖಣವೆಂದರೆ ನನಗೆ ಬಹಳ ಪ್ರೀತಿ. ಟೇಲರ್ ಅಂಗಡಿಯಲ್ಲಿ ಕುಪ್ಪಸ ಹೊಲಿದು ಉಳಿದ ತುಣುಕುಗಳನ್ನು ವರ್ಷಾನುಗಟ್ಟಲೆ ಕೇಳಿ ತಂದು ಕೂಡಿಸಿದ್ದೆ. ಆದರೆ ಕತ್ತರಿಸಿದ ಅಂಚುಗಳು ಒಳಗೊಳಗೇ ಎಳೆ ಬಿಡುತ್ತ ಹೋಗಿ, ಹೊಲಿಗೆಗೆ ಹಿಡಿಯಲು ಬಟ್ಟೆಯೇ ಉಳಿಯದಂತಾಗಿತ್ತು. ಅಗಲ ಕಡಿಮೆಯಿರುವ ತುಣುಕುಗಳಿಂದ ಚೌಕ ತೆಗೆಯುವಾಗ ಕೆಲವು ಓರೆಯಾಗಿ ಬಂದಿದ್ದವು, ಓರೆಯಾದ ಬಟ್ಟೆ ಹಿಗ್ಗುತ್ತದೆ. ಮೇಲಾಗಿ ಖಣ ಮೈಗೆ ಹೊದೆಯುವ ಮೃದುತನದ ಬಟ್ಟೆಯಲ್ಲ. ದೊಡ್ಡವ್ವ ತನ್ನ ಸೊಂಟದಲ್ಲಿದ್ದ ಎಲೆ ಅಡಿಕೆಯ ಸಂಚಿಯನ್ನು ತೆಗೆದು ನನ್ನ ಮುಂದಿಟ್ಟಳು. ಅಂಗೈಯಗಲದ ತುಣುಕುಗಳಿಂದ ಮಾಡಿದ ಸಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಗೂಡು. ಅದರ ಹೊರ ಮೈ ಖಣದ್ದು, ಒಳಗೆ ಹತ್ತಿಯ ಅಸ್ತರು, ಒಂದು ಎಳೆಯೂ ಹೊರಗೆ ಬರದಂತೆ ಅಂಚು ಮುಚ್ಚಿತ್ತು. ನಾನು ಹೊದಿಕೆಯನ್ನು ಬಿಚ್ಚಲು ಕುಳಿತೆ. ಬಿಚ್ಚುವುದನ್ನೂ ಮುಗಿಸುವ ಕೆಲಸವೆಂದೇ ನಾನು ಎಣಿಸುತ್ತೇನೆ. ಆಗದ ಹೊದಿಕೆಯೊಂದರಲ್ಲಿ ಸಿಕ್ಕಿಬಿದ್ದಿದ್ದ ಅಷ್ಟು ಒಳ್ಳೆಯ ಖಣ ಹೀಗೆ ಬಿಡುಗಡೆಯಾಗಿ, ಬಳಗದ ಹೆಣ್ಣುಮಕ್ಕಳ ಕೈಯಲ್ಲಿ ಸಂಚಿಗಳಾಗಿ ಓಡಾಡುತ್ತಿದೆ. ಎಲೆ ಹಾಕದವರು ಅದರಲ್ಲಿ ಮೊಬೈಲು ಮತ್ತು ಕೀಲಿಕೈ ಇಡುತ್ತಾರೆ.

ಉಳಿದ ಚೂರುಗಳನ್ನು ನಾನು ಬಣ್ಣದ ಮೇಲೆ ವಿಂಗಡಿಸುತ್ತಿದ್ದೆ, ದೊಡ್ಡವ್ವ ದಪ್ಪದ ಮೇಲೆ ವಿಂಗಡಿಸಿದಳು. ತೆಳು ಹತ್ತಿಯ ಜೊತೆ ದಪ್ಪ ಬಟ್ಟೆ ಕೂಡಿದರೆ ತೆಳುವಾದದ್ದು ಮೊದಲು ಹರಿಯುತ್ತದೆ ಎಂಬ ಕಾರಣ ಸರಿಯಾದದ್ದೇ, ಆದ್ದರಿಂದ ಈಗ ಮೊದಲು ದಪ್ಪ, ಆಮೇಲೆ ಬಣ್ಣ ನೋಡುತ್ತೇನೆ. ಅಂಗೈಗಿಂತ ದೊಡ್ಡದು ತೇಪೆಗೆ. ಉದ್ದನೆಯ ಪಟ್ಟಿಗಳನ್ನು ಜಡೆ ಹೆಣೆದು ಸುತ್ತಿ ಹೊಲಿದರೆ ಕಾಲೊರಸು. ಮೆತ್ತನೆಯದು ಒಲೆಯ ಬಳಿಯ ಮಸಿಯರಿವೆಗೆ. ಇವೊಂದಕ್ಕೂ ಬಾರದ ಎಳೆ ಚಿಂದಿಯನ್ನೆಲ್ಲ ಕತ್ತರಿಯಿಂದ ಇನ್ನೂ ಸಣ್ಣಗೆ ಮಾಡಿ ಲೋಡಿನೊಳಗೆ ತುಂಬಿದೆವು. ಆ ಎರಡು ನೈಲಾನ್ ಸೀರೆಗಳಿಗೂ ಕೆಲಸ ಸಿಕ್ಕಿತು: ಹಿತ್ತಲಿನ ಹೀರೆ ಬಳ್ಳಿಯ ಹಂದರ ಕಟ್ಟಲು ಅವುಗಳ ಪಟ್ಟಿಗಳಷ್ಟು ಗಟ್ಟಿಯಾದ ಹಗ್ಗ ಬೇರೆ ಇರಲಿಲ್ಲ.

ದೊಡ್ಡವ್ವ ಊರಿಗೆ ಹೊರಡುವ ವಾರದಲ್ಲಿ ಪಕ್ಕದ ಮನೆಯ ವೈನಿ ತಮ್ಮದೊಂದು ಅರ್ಧ ಕೌದಿಯನ್ನು ಗಂಟು ಕಟ್ಟಿಕೊಂಡು ಬಂದರು. ಅವರ ಅತ್ತೆ ಹಾಕಿದ್ದಂತೆ. ದೊಡ್ಡವ್ವ ಬಾಯಿ ತೆರೆಯುವ ಮೊದಲೇ ನಾನು ಅದನ್ನು ಬೋರಲು ಹಾಕಿದೆ. ಹೊಲಿಗೆ ಕೊನೆಯವರೆಗೂ ನೇರವಾಗಿತ್ತು, ಒಳಗೆ ಅಪ್ಪಟ ಹತ್ತಿಯೇ ಇತ್ತು, ಎಲ್ಲಿಯೂ ಕೈ ಸೋತ ಗುರುತಿರಲಿಲ್ಲ. ಮೇಲಿನ ತೇಪೆಗಳು ಮಾತ್ರ ಒಂದು ಮೂಲೆಯಲ್ಲಿ ಮುಗಿದುಹೋಗಿದ್ದವು. ಅರಿವೆ ಸಾಲದೆ ನಿಂತದ್ದು. ನಮ್ಮ ಗಂಟಿನಿಂದ ಅದೇ ದಪ್ಪದ ತುಣುಕುಗಳನ್ನು ಆರಿಸಿ ಕೊಟ್ಟೆ, ಮರುದಿನದಿಂದ ಮಧ್ಯಾಹ್ನ ಇಬ್ಬರೂ ಕೂಡಿ ಹೊಲಿಯುವುದೆಂದು ಮಾತಾಯಿತು.