ಬೇಡ ಅಂದಿದ್ದು ಯಾರು?

ಪಕ್ಕದ ಮನೆಯ ಹುಡುಗಿ ಐದನೇ ಕ್ಲಾಸು. ಸಾಫ್ಟ್‌ಬಾಲ್ ಆಡುತ್ತಾಳೆ, ಬಾಯಿ ಸ್ವಲ್ಪ ಜೋರು. 2025ರ ಆಗಸ್ಟ್ 10ರ ಭಾನುವಾರ ಅವರ ಮನೆಯವರೂ ನಾವೂ ಸೇರಿ ಟ್ರುಯಿಸ್ಟ್ ಪಾರ್ಕ್ ಸ್ಟೇಡಿಯಮ್ಮಿಗೆ ಹೋಗಿದ್ದೆವು. ನಮ್ಮ ಅಟ್ಲಾಂಟಾ ಬ್ರೇವ್ಸ್‌ಗೂ ಮಯಾಮಿ ಮಾರ್ಲಿನ್ಸ್‌ಗೂ ಬೇಸ್‌ಬಾಲ್ ಮ್ಯಾಚು. ನಮ್ಮ ಸಾಲಿನಲ್ಲಿ ಮೊಬೈಲ್ ಎತ್ತಿದವರೆಲ್ಲ ಫೋಟೊ ಹೊಡೆಯುತ್ತಿದ್ದದ್ದು ಅಂಪೈರ್‌ದು!

ಜೆನ್ ಪಾವೊಲ್. ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್ ಪಂದ್ಯಕ್ಕೆ ಅಂಪೈರ್ ಆದ ಮೊದಲ ಹೆಂಗಸು. ಹಿಂದಿನ ದಿನ ಒಂದರ ಹಿಂದೆ ಒಂದು ಎರಡು ಪಂದ್ಯ ಇತ್ತು. ಮೊದಲನೆಯದರಲ್ಲಿ ಫಸ್ಟ್ ಬೇಸ್ ಹತ್ತಿರ, ಎರಡನೆಯದರಲ್ಲಿ ಥರ್ಡ್ ಬೇಸ್ ಹತ್ತಿರ ನಿಂತಿದ್ದರು. ಭಾನುವಾರ ಹೋಮ್ ಪ್ಲೇಟ್ ಹಿಂದೆ, ಅಂದರೆ ಬ್ಯಾಟರ್ ನಿಲ್ಲೋ ಜಾಗದ ಹಿಂದೆ. ಅದೇ ದೊಡ್ಡ ಜಾಗ. ಬ್ಯಾಟರ್ ಬಿಟ್ಟ ಪ್ರತಿ ಬಾಲಿಗೂ ಸ್ಟ್ರೈಕೋ (ಹೊಡೆಯಬೇಕಾಗಿದ್ದ ಬಾಲೋ) ಅಲ್ಲವೋ ಅಂತ ಆ ಕ್ಷಣಕ್ಕೇ ಹೇಳಬೇಕು. ನಮ್ಮ ಲೆಕ್ಕದಲ್ಲಿ ದಿನವಿಡೀ ಎಲ್‌ಬಿಡಬ್ಲ್ಯೂ ಕೊಡುತ್ತಾ ಕೂತ ಹಾಗೆ.

ಹುಡುಗಿಯ ಅಪ್ಪ ಫೋನ್ ನೋಡಿಕೊಂಡು ಪಾವೊಲ್ ಕತೆ ಹೇಳುತ್ತಿದ್ದ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಕ್ಯಾಚರ್, ಆಮೇಲೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. 2016ರಲ್ಲಿ ಮೇಜರ್ ಲೀಗಿಗಿಂತ ಕೆಳಗಿನ ಮೈನರ್ ಲೀಗಿನಲ್ಲಿ, ಅದರಲ್ಲೂ ಕೆಳಗಿನ ಮೆಟ್ಟಿಲಿಂದ ಶುರು. ಒಂಬತ್ತು ವರ್ಷದಲ್ಲಿ ಸಾವಿರಕ್ಕೂ ಜಾಸ್ತಿ ಪಂದ್ಯ. ಆಗ ವಯಸ್ಸು 48.

"ನಲವತ್ತೆಂಟಾ? ಇಷ್ಟು ದಿನ ಬೇಡ ಅಂದಿದ್ದು ಯಾರು?" ಅಂದಳು.

ಅವನು ತಲೆ ಕೆರೆದುಕೊಂಡ. "ಯಾರೂ ಅಲ್ಲ ಪುಟ್ಟಾ. ಮೊದಲಿಂದ ಹಾಗೇ ನಡ್ಕೊಂಡು ಬಂದಿತ್ತು."

ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಯಾಕೆಂದರೆ ಈ ದೇಶದಲ್ಲಿ ಆ ಪ್ರಶ್ನೆಗೆ ಉತ್ತರ ಇದೆ, ಅದೂ ಕೋರ್ಟಿನ ಕಾಗದಗಳಲ್ಲಿ. ಬರ್ನಿಸ್ ಗೇರಾ ಅನ್ನೋರು ವರ್ಷಗಟ್ಟಲೆ ಕೇಸು ನಡೆಸಿ ಗೆದ್ದು, 1972ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಲ್ಲಿ ಮೈನರ್ ಲೀಗಿನ ಒಂದು ಪಂದ್ಯಕ್ಕೆ ಅಂಪೈರ್ ಆದರು. ಒಂದೇ ಒಂದು ಪಂದ್ಯ. ಜೊತೆಗಿರಬೇಕಾದ ಅಂಪೈರ್‌ಗಳೇ ಸಹಕಾರ ಕೊಡಲಿಲ್ಲ ಅಂತ ಅವತ್ತೇ ಬಿಟ್ಟು ಹೋದರು. ಪ್ಯಾಮ್ ಪೋಸ್ಟೆಮಾ 1977ರಿಂದ ಹದಿಮೂರು ಸೀಸನ್ ಮೈನರ್ ಲೀಗಿನಲ್ಲಿ ದುಡಿದು, ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಬಾಕಿ ಇರುವ ಟ್ರಿಪಲ್ ಎ ತನಕ ಬಂದಿದ್ದರು. 1989ರಲ್ಲಿ ಮನೆಗೆ ಕಳಿಸಿದರು. ಅವರೂ ಕೇಸು ಹಾಕಿದರು. ಹದಿಮೂರು ವರ್ಷ! ಪಾವೊಲ್ ಬಂದಿದ್ದಕ್ಕಿಂತ ಜಾಸ್ತಿ ದಾರಿ ಸವೆಸಿದ ಹೆಂಗಸು, ಬಾಗಿಲ ಹತ್ತಿರದಿಂದ ವಾಪಸ್. ಅವತ್ತು ಟೀವಿಯಲ್ಲಿ ಜೆನ್ ಪಾವೊಲ್ ಮುಖ ಎಷ್ಟು ಸಲ ತೋರಿಸಿದರೋ, ಒಂದೆರಡು ಸಲ ಪೋಸ್ಟೆಮಾ ಮುಖವನ್ನೂ ತೋರಿಸಬಹುದಿತ್ತು ಅನ್ನಿಸಿತು.

"ಯಾರೂ ಅಲ್ಲ, ಹಾಗೇ ನಡ್ಕೊಂಡು ಬಂದಿತ್ತು" ಅನ್ನೋ ಮಾತು ನಿಜಕ್ಕೂ ಒಪ್ಪೋದು ನಮ್ಮೂರಿಗೆ.

ಶಿವಮೊಗ್ಗದ ನಮ್ಮ ರಸ್ತೆಯಲ್ಲಿ ಅಂಪೈರ್ ಆಗಿದ್ದವಳು ನಮ್ಮಕ್ಕ. ಅದೇನು ದೊಡ್ಡ ಗೌರವದ ಹುದ್ದೆ ಅಂದುಕೊಳ್ಳಬೇಡಿ. ಹುಡುಗಿಗೆ ಬ್ಯಾಟು ಕೊಡೋಕೆ ಯಾರಿಗೂ ಮನಸ್ಸಿರಲಿಲ್ಲ, ಮನೆಗೆ ಕಳಿಸಿದರೆ ಅಮ್ಮನಿಗೆ ಹೇಳುತ್ತಾಳೆ ಅನ್ನೋ ಭಯ. ಸರಿ, ನೀನು ಅಂಪೈರ್ ಆಗು ಅಂದರು. ಇಲ್ಲಿ ಅಮೆರಿಕದಲ್ಲಿ ಹೆಂಗಸರಿಗೆ ಕಟ್ಟಕಡೆಗೆ ತೆರೆದ ಬಾಗಿಲು, ನಮ್ಮ ರಸ್ತೆಯಲ್ಲಿ ಹುಡುಗಿಯನ್ನು ಆಟದಿಂದ ಆಚೆ ಇಡೋ ಉಪಾಯ ಆಗಿತ್ತು.

ಆದರೆ ಅಕ್ಕ ಅದನ್ನು ತಮಾಷೆಗೆ ತಗೊಳ್ಳಲಿಲ್ಲ. 1999ರ ಫೆಬ್ರವರಿಯಲ್ಲಿ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ನಾವೆಲ್ಲ ಕುಂಬ್ಳೆಯನ್ನು ನೋಡಿದೆವು. ಅವಳು ನೋಡಿದ್ದು ಆ ಕಡೆ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್ ಅವರನ್ನು. ನಮ್ಮ ಕರ್ನಾಟಕದವರೇ. ಆ ಬೇಸಿಗೆ ರಜದಲ್ಲಿ ರಸ್ತೆ ಆಟಕ್ಕೂ ಎಲ್‌ಬಿಡಬ್ಲ್ಯೂ ತಂದಳು. ವಿಕೆಟ್ ಅಂದರೆ ಕರೆಂಟ್ ಕಂಬ, ಆದರೂ ಎಲ್‌ಬಿಡಬ್ಲ್ಯೂ! ಅಪ್ಪನ ಹಳೇ ಬಿಳಿ ಶರ್ಟು ಮೊಣಕಾಲಿನ ತನಕ ಬರುತ್ತಿತ್ತು. ಒಂದು ಜೇಬಿನ ತುಂಬ ಹುಣಸೆ ಬೀಜ, ಬಾಲಿಗೊಂದು ಆಚೆ ಜೇಬಿಗೆ. ಅಪೀಲು ಮಾಡಿದರೆ ತಕ್ಷಣ ಏನೂ ಹೇಳುವುದಿಲ್ಲ. ಕಂಬವನ್ನೊಮ್ಮೆ, ಕಾಲನ್ನೊಮ್ಮೆ ನೋಡಿ, ಆಮೇಲೆ ನಿಧಾನಕ್ಕೆ ಬೆರಳು. ಅವಳಿಗಿಂತ ಎರಡು ಅಡಿ ಎತ್ತರದ ಹುಡುಗರು ಕೂಗಾಡಿದರೂ ಬೆರಳು ಇಳಿಯುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಅವಳು ರಸ್ತೆಗೆ ಇಳಿಯಲಿಲ್ಲ. ಬೇಡ ಅಂತ ಅಪ್ಪ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅಜ್ಜಿ ಸುಮ್ನೆ ಒಂದು ಸೂಜಿ, ದಾರ, ಮಲ್ಲಿಗೆ ಬುಟ್ಟಿ ಮುಂದಿಟ್ಟರು. ಅಷ್ಟೇ. ಕೇಸು ಹಾಕೋದು ಯಾರ ಮೇಲೆ?

ಮೊನ್ನೆ ಫೋನ್ ಮಾಡಿದಾಗ ಅಕ್ಕನಿಗೆ ಇದೆಲ್ಲ ಹೇಳಿದೆ. 2023ರಲ್ಲಿ ರಣಜಿ ಟ್ರೋಫಿಗೂ ಮೊದಲ ಸಲ ಮೂವರು ಹೆಂಗಸರು ಅಂಪೈರ್ ಆದರಲ್ಲ, ವೃಂದಾ ರಾಠಿ, ಜನನಿ, ಗಾಯತ್ರಿ ವೇಣುಗೋಪಾಲನ್, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೆಸರು ಹಿಡಿದು ಹೇಳಿದಳು. ಪಾವೊಲ್ ಬಗ್ಗೆ ಮಾತ್ರ ಅವಳ ವಿಚಾರಣೆ ಬೇರೆ ಥರ. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿರಬೇಕು? ಬಾಲ್ ತಾಗಲ್ವಾ? ಕೂಗಾಡಿದರೆ ಏನು ಮಾಡ್ತಾರೆ?

"ಜಾಸ್ತಿ ಕೂಗಾಡಿದರೆ ಆಟದಿಂದಲೇ ಹೊರಗೆ ಹಾಕಬಹುದು, ಕೋಚನ್ನೂ ಹಾಕಬಹುದು" ಅಂದೆ.

"ಹೌದೇನೋ? ಆ ರೂಲು ನಮ್ಮ ರಸ್ತೇಲಿ ಇದ್ದಿದ್ರೆ ಫಸ್ಟು ನಿನ್ನೇ ಓಡಿಸ್ತಿದ್ದೆ ಕಣೋ" ಅಂದಳು.