ಆಯಿಯ ಹಾಡಿಗೆ ಒಂದು ಪಾಟಿ

2008ರ ಆಗಸ್ಟ್. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಹತ್ತು ದಿನ ಆಗಿತ್ತು. ಅವ್ವ ಇನ್ನೊಂದು ಕೌದಿ ಬೇಕು ಅಂತ ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದಳು. ಕೌದಿಯ ಹಿಂದೆ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಹದಿನೇಳು ವಿಡಿಯೊ ಕ್ಯಾಸೆಟ್. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ ‘ಲಗ್ನ, 1991, ಭಾಗ 1’ ಅಂತ ಇತ್ತು.

ವಿಎಚ್ಎಸ್ ಕ್ಯಾಸೆಟ್ಟಿನ ಮಗ್ಗುಲಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮುಂದಿನ ಬಾಗಿಲು ಎದ್ದು ಟೇಪು ಕಾಣುತ್ತದೆ. ನಾನು ಒತ್ತಿ ನೋಡಿದೆ. ಟೇಪಿನ ಅಂಚಿಗೆ ಬಿಳಿ ಎಳೆಗಳು, ಹಳೇ ಉಪ್ಪಿನಕಾಯಿ ಮೇಲೆ ಬರುತ್ತದಲ್ಲ, ಹಾಗೆ. ಬೂಷ್ಟು ಹಿಡಿದಿತ್ತು. ನಮ್ಮೂರಿನ ಮಳೆಗಾಲ ಮುಚ್ಚಿಟ್ಟ ಯಾವುದನ್ನೂ ಬಿಡುವುದಿಲ್ಲ.

ಆ ಕ್ಯಾಸೆಟ್ ನಮಗೆ ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ಅದು ಅಕ್ಕನ ಮದುವೆಯದು. ಸುರಗಿ ಶಾಸ್ತ್ರದ ಹೊತ್ತಿನಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಸೋಬಾನ ಹಾಡಿದ್ದಾಳೆ. ನಾಲ್ಕು ನಿಮಿಷ ಇರಬಹುದು. ಆಯಿ 1996ರಲ್ಲಿ ತೀರಿಕೊಂಡಳು. ಅವಳ ದನಿ ಇರುವುದು ಅದೊಂದೇ ಕಡೆ. ಉಳಿದವುಗಳಲ್ಲಿ ಅಪ್ಪ ದೂರದರ್ಶನದಿಂದ ಹಿಡಿದಿಟ್ಟ ಸಂಗೀತ ಕಾರ್ಯಕ್ರಮಗಳಿದ್ದವು. ಮಲ್ಲಿಕಾರ್ಜುನ ಮನಸೂರರದು ಎರಡು, ಗಂಗೂಬಾಯಿ ಹಾನಗಲ್ಲರದು ಒಂದು. ಮನಸೂರರು 1992ರಲ್ಲೇ ಹೋಗಿದ್ದರು. ಗಂಗೂಬಾಯಿಯವರು ಆಗ ಇನ್ನೂ ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಇದ್ದರು.

ಮೊದಲು ಅಕ್ಕನ ಮದುವೆಯದೇ ಭಾಗ 2ನ್ನು ಒಂದು ಸ್ಟುಡಿಯೋಗೆ ಕೊಟ್ಟೆವು. ಹೆಸರು ಬೇಡ. ಮೂರು ಗಂಟೆಯ ಟೇಪನ್ನು ಒಂದೇ ಡಿವಿಡಿಗೆ ತುರುಕಿ ಕೊಟ್ಟರು. ಆರತಿಯ ದೀಪ ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ಶುರುವಿನ ಎರಡು ನಿಮಿಷ ಇರಲೇ ಇಲ್ಲ. ಕೇಳಿದರೆ, ‘ಟೇಪ್ ಹಳೇದೈತ್ರಿ’ ಅಂದರು. ಅವರು ಕೂತು ನೋಡಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಅಪ್ಪ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಂದ: ‘ಭಾಗ ಒಂದನ್ನ ಯಾರ ಕೈಯಾಗೂ ಕೊಡೂದ ಬ್ಯಾಡ. ನಾವ ಮಾಡೂಣು.’

ಟೇಪಿನ ಚಿತ್ರ ಹಿಡಿಯಲು ಕಂಪ್ಯೂಟರಿಗೆ ಒಂದು ಟಿವಿ ಕಾರ್ಡು ಹಾಕಿಸಿ ನೋಡಿದೆ. ನಮ್ಮ ಹಳೇ ಯಂತ್ರಕ್ಕೆ ಅದು ಆಗಲಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಡಿವಿಡಿ ರೆಕಾರ್ಡರ್, ಅಂದರೆ ಕ್ಯಾಸೆಟ್ಟಿನ ಚಿತ್ರವನ್ನು ಡಿವಿಡಿಗೆ ಇಳಿಸುವ ಯಂತ್ರ, ಕೊಳ್ಳುವುದೊಂದೇ ದಾರಿ ಉಳಿಯಿತು. ಅಮೆರಿಕದಲ್ಲಿದ್ದ ಕಾಕಾನ ಮಗ, ‘ಇಲ್ಲಿ ಸೋವಿ ಸಿಗತಾವು, ಬರುವಾಗ ತರ್ತೀನಿ’ ಅಂದ. ಅವನ ಮನಸ್ಸು ದೊಡ್ಡದು, ಆದರೆ ಬೇಡ ಅನ್ನಬೇಕಾಯಿತು. ಅಲ್ಲಿಯ ಟಿವಿ ಪದ್ಧತಿ ಆಗ ಎನ್‌ಟಿಎಸ್‌ಸಿ, 525 ಗೆರೆ. ನಮ್ಮದು ಪಾಲ್, 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಲ್ಲಿಯ ರೆಕಾರ್ಡರು ನಮ್ಮ ಕ್ಯಾಸೆಟ್ಟಿನ ಚಿತ್ರವನ್ನು ಸರಿಯಾಗಿ ಹಿಡಿಯುವುದಿಲ್ಲ. ಮೇಲೆ ಕರೆಂಟೂ ಬೇರೆ, ಅಲ್ಲಿ 120 ವೋಲ್ಟ್, ಇಲ್ಲಿ 230.

ಹಾಗಾಗಿ ಇಲ್ಲಿಯೇ ಕೊಳ್ಳಬೇಕು. ಯಾವುದು ಅನ್ನುವುದೇ ಪ್ರಶ್ನೆ. ಬರೀ ಡಿವಿಡಿ ರೆಕಾರ್ಡರೋ, ಒಳಗೆ ಹಾರ್ಡ್ ಡಿಸ್ಕ್ ಇರುವುದೋ? ಎರಡನೆಯದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ದುಡ್ಡು. ಅವ್ವನಿಗೆ ಅದು ಹಿಡಿಸಲಿಲ್ಲ. ‘ಎರಡೂ ಡಿಸ್ಕಿಗೆ ಹಾಕ್ತಾವಲ್ಲ, ಮತ್ತ ಯಾಕ ಜಾಸ್ತಿ ಕೊಡೂದು?’ ಅಂದಳು. ಸರಿಯಾದ ಪ್ರಶ್ನೆ. ನನ್ನ ಹತ್ತಿರವೂ ಆಗ ಗಟ್ಟಿ ಉತ್ತರ ಇರಲಿಲ್ಲ.

ಒಂದು ಶನಿವಾರ ಕ್ಯಾಸೆಟ್ ಓಡಿಸುವ ನಮ್ಮ ವಿಸಿಆರನ್ನು ಕೌದಿಯಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡು ಅಪ್ಪ ಮತ್ತು ನಾನು ಬೇಂದ್ರೆ ಬಸ್ ಹತ್ತಿದೆವು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಗೆ ಹೋದಾಗ ಹನ್ನೊಂದು ಗಂಟೆ. ಮಾರುವ ಹುಡುಗ ಒಳ್ಳೆಯವನು. ಆದರೆ ಅವನು ಹೇಳುತ್ತಿದ್ದುದೆಲ್ಲ ಜಾಗದ ಮಾತೇ. ‘ಸರ, 160 ಜಿಬಿ ಐತ್ರಿ. ಎಸ್‌ಪಿ ಮೋಡಿನಾಗ 70 ತಾಸು ಹಿಡಿತೈತಿ. ಎಲ್ಲಾ ಧಾರಾವಾಹಿ ಇಟ್ಕೋಬಹುದು ನೋಡ್ರಿ.’ ನಮಗೆ ಧಾರಾವಾಹಿ ಬೇಡವಾಗಿತ್ತು. ಅಪ್ಪ ಕೇಳಿದ: ‘ಮೂರು ತಾಸಿನ ಟೇಪ್ ಹಾಕಿದ್ರ ಏನಾಗತೈತಿ?’

ಆ ಪ್ರಶ್ನೆಯಿಂದಲೇ ನನಗೆ ವಿಷಯ ಬಿಡಿಸಿಕೊಳ್ಳತೊಡಗಿತು. ಒಂದು ಖಾಲಿ ಡಿವಿಡಿ ಹಿಡಿಯುವುದು 4.7 ಜಿಬಿ. ಎಕ್ಸ್‌ಪಿ ಅನ್ನುವ ಮೋಡಿನಲ್ಲಿ ಒಂದು ಗಂಟೆ, ಎಸ್‌ಪಿಯಲ್ಲಿ ಎರಡು ಗಂಟೆ, ಎಲ್‌ಪಿಯಲ್ಲಿ ನಾಲ್ಕು. ಮೂರು ಗಂಟೆಯ ಟೇಪು ಎಸ್‌ಪಿಯಲ್ಲಿ ಹಿಡಿಯುವುದಿಲ್ಲ. ಎಲ್‌ಪಿಗೆ ಇಳಿಸಿದರೆ ಹಿಡಿಯುತ್ತದೆ, ಆದರೆ ಚಿತ್ರ ಕೆಡುತ್ತದೆ. ಆ ಸ್ಟುಡಿಯೋದವರು ಮಾಡಿದ್ದು ಅದನ್ನೇ. ಬರೀ ಡಿವಿಡಿ ರೆಕಾರ್ಡರಾದರೆ ಟೇಪನ್ನು ನಡುವೆ ನಿಲ್ಲಿಸಿ ಡಿಸ್ಕ್ ಬದಲಿಸಬೇಕು. ಹಾರ್ಡ್ ಡಿಸ್ಕ್ ಇದ್ದರೆ ಮೂರೂ ಗಂಟೆ ಒಂದೇ ಬೀಸಿಗೆ ಒಳಗೆ ಇಳಿಸಿ, ಆಮೇಲೆ ನಮಗೆ ಬೇಕಾದ ಜಾಗದಲ್ಲಿ ಭಾಗ ಮಾಡಬಹುದು.

ಹುಡುಗ ಎರಡೂ ಯಂತ್ರಗಳನ್ನು ಪಕ್ಕಪಕ್ಕ ಇಟ್ಟ. ಮೊದಲು ಒಂದಕ್ಕೆ ನಮ್ಮ ವಿಸಿಆರ್‌ನ ಹಳದಿ, ಕೆಂಪು, ಬಿಳಿ ವೈರು ಹಚ್ಚಿದ, ಇನ್ನೊಂದಕ್ಕೆ ಅಂಗಡಿಯ ಕೇಬಲ್ ಟಿವಿ. ಎರಡೂ ರೆಕಾರ್ಡ್ ಆಗುತ್ತಿದ್ದವು. ಆಗ ಕರೆಂಟ್ ಹೋಯಿತು.

ಜನರೇಟರ್ ಶುರುವಾಗಲು ಎರಡು ನಿಮಿಷ ಹಿಡಿಯಿತು. ಬರೀ ಡಿವಿಡಿಯ ಯಂತ್ರ ಡಿಸ್ಕನ್ನು ಓದಲು ಒದ್ದಾಡಿ, ಕೊನೆಗೆ ಓದಲು ಆಗುವುದಿಲ್ಲ ಅಂತ ಹೊರಗೆ ತಳ್ಳಿತು. ಆ ಡಿಸ್ಕ್ ಮುಗಿದ ಹಾಗೆ. ಹಾರ್ಡ್ ಡಿಸ್ಕಿನದರಲ್ಲೂ ನಡೆಯುತ್ತಿದ್ದ ರೆಕಾರ್ಡಿಂಗ್ ಹೋಗಿತ್ತು. ಆದರೆ ಅದಕ್ಕಿಂತ ಮುಂಚೆ ಹುಡುಗ ಮಾಡಿಟ್ಟಿದ್ದೆಲ್ಲ ಹಾಗೇ ಇತ್ತು. ಮತ್ತೆ ಗುಂಡಿ ಒತ್ತಿದರೆ ಏನೂ ಆಗದವರ ಹಾಗೆ ಹೊಸದಾಗಿ ಬರೆಯತೊಡಗಿತು.

ಅಪ್ಪ ನನ್ನ ಕಡೆ ತಿರುಗಿ ಅಂದ: ‘ಇದು ಪಾಟಿ ಇದ್ದಂಗ ಐತಲ್ಲ. ತಪ್ಪಿದ್ರ ಒರಸಿ ಬರೀಬಹುದು. ಆ ಇನ್ನೊಂದು ಸೀದಾ ಶಾಯಿಲೆ ಬರದಂಗ.’

ಅಪ್ಪ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವನು. ಅವ್ವನ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಹೆಚ್ಚಿನ ದುಡ್ಡು ಕೊಡುವುದು ಎಪ್ಪತ್ತು ತಾಸಿಗಲ್ಲ, ಪಾಟಿಗೆ. ಇನ್ನೂ ಎರಡು ಸಂಗತಿ ಕೇಳಿಕೊಂಡೆವು. ಹಾರ್ಡ್ ಡಿಸ್ಕಿನಿಂದ ಡಿವಿಡಿಗೆ ವೇಗವಾಗಿ ಕಾಪಿ ಆಗುತ್ತದೆಯೇ? ಆಗುತ್ತದೆ, ಎರಡು ಗಂಟೆಯದು ಕಾಲು ತಾಸಿನೊಳಗೆ. ಹಾಗೆ ಮಾಡಿದಾಗ ಚಿತ್ರ ಕೆಡುತ್ತದೆಯೇ? ಇಲ್ಲ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಮರಳಿ ಬರುವಾಗ ಬಸ್ಸಿನಲ್ಲಿ ವಿಸಿಆರ್ ಅಪ್ಪನ ತೊಡೆಯ ಮೇಲೆ, ಹೊಸ ಪೆಟ್ಟಿಗೆ ನನ್ನ ತೊಡೆಯ ಮೇಲೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಇಂಥ ಯಂತ್ರ ಇನ್ನೂ ಇಟ್ಟುಕೊಂಡವರಿಗೆ ಬೇಕಾಗಬಹುದು. ಪಾಟಿ ಅಂದರೆ ಪಾಟಿಯೇ, ತಿಜೋರಿ ಅಲ್ಲ. ಆರು ವರ್ಷದ ಮೇಲೆ ನಮ್ಮದರ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಬಿಚ್ಚಿ ಕಂಪ್ಯೂಟರಿಗೆ ಹಚ್ಚಿದರೆ ಅದಕ್ಕೆ ಓದಲು ಬರಲಿಲ್ಲ. ಇಂಥ ರೆಕಾರ್ಡರುಗಳು ಹೆಚ್ಚಾಗಿ ತಮ್ಮದೇ ರೀತಿಯಲ್ಲಿ ಬರೆದಿಟ್ಟಿರುತ್ತವೆ. ನಾವು ಆಗಿಂದಾಗ ಡಿಸ್ಕಿಗೆ ಇಳಿಸಿ, ಆ ಡಿಸ್ಕುಗಳನ್ನೂ ಕಂಪ್ಯೂಟರಿಗೆ ತುಂಬಿಕೊಂಡಿದ್ದೆವು, ಅದಕ್ಕೆ ಉಳಿದವು.

ಸುಭಾಸ ರಸ್ತೆಯ ಒಂದು ಸಂದಿಯಲ್ಲಿ ಟೇಪ್ ರಿಪೇರಿ ಮಾಡುವ ಚಾಚಾ ಇದ್ದರು. ಭಾಗ 1ನ್ನು ಅವರ ಹತ್ತಿರ ಒಯ್ದೆ. ಕೊಟ್ಟು ಬರಲಿಲ್ಲ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಅವರು ಕ್ಯಾಸೆಟ್ ಮಗುಚಿ ಕೆಳಗಿನ ಐದು ಸ್ಕ್ರೂ ಬಿಚ್ಚಿದರು. ಎರಡೂ ಸುರುಳಿಗಳನ್ನು ಎತ್ತಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಅಂಚಿನ ಬೂಷ್ಟನ್ನು ಮೆತ್ತನೆ ಬಟ್ಟೆಯಿಂದ, ಮಗುವಿನ ಕಿವಿ ಒರಸುವ ಹಾಗೆ ಒರಸಿದರು. ಆಮೇಲೆ ಬೇರೆ ಕ್ಯಾಸೆಟ್ಟಿನ ಒಳ್ಳೆಯ ಕವಚದೊಳಗೆ ಕೂರಿಸಿದರು. ‘ತಮ್ಮಾ, ಬೂಷ್ಟು ಇದ್ದಂಗ ಹಾಕಿದ್ರ ಹೆಡ್ ಕೆಡತೈತಿ, ಮುಂದಿನ ಕ್ಯಾಸೆಟ್ಟಿಗೂ ಅದ ಹತ್ತತೈತಿ. ಇದನ್ನ ಭಾಳ ಓಡಸಬ್ಯಾಡ,’ ಅಂದರು. ವಿಸಿಆರ್‌ನ ಒಳಗಿನ, ಟೇಪು ಓದುವ ಹೆಡ್ ಕೂತಿರುವ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲೆ ಮುದಿ ಟೇಪು ಉಜ್ಜಿಕೊಂಡು ಹೋಗಬೇಕು. ಚಾಚಾ ಹೇಳಿದ್ದು ಸುಮ್ನೆ ಅಲ್ಲ.

ಮರುದಿನ ರವಿವಾರ. ಅಂಗಡಿಯಲ್ಲಿ ಆದದ್ದು ಮನೆಯಲ್ಲೂ ಆಗಬಾರದು ಅಂತ ವಿಸಿಆರ್ ಮತ್ತು ರೆಕಾರ್ಡರ್ ಎರಡನ್ನೂ ಕಂಪ್ಯೂಟರಿನ ಯುಪಿಎಸ್‌ಗೆ ಹಚ್ಚಿದೆ. ಅವ್ವ ಒಗ್ಗರಣೆ ಅವಲಕ್ಕಿ ತಂದಿಟ್ಟು ತಾನೂ ಕೂತಳು. ಟೇಪು ಓಡಿತು. ದೊಡ್ಡ ಲೈಟು ಕಣ್ಣಿಗೆ ಹೊಡೆದು ಎಲ್ಲರೂ ಹುಬ್ಬು ಗಂಟು ಹಾಕಿಕೊಂಡಿದ್ದರು. ನಾಲ್ಕು ಮೂಲೆಗೆ ತಂಬಿಗೆ, ಸುತ್ತ ನೂಲು, ನಡುವೆ ಅಕ್ಕ. ಪಕ್ಕದಲ್ಲಿ ಹಸಿರು ಇಳಕಲ್ ಸೀರೆಯ ಆಯಿ. ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಚಿತ್ರದ ಕೆಳಗೆ ಬಿಳಿ ಪಟ್ಟೆ ಎದ್ದು ದನಿ ಗರಗರ ಅಂತ ಒಡೆಯಿತು.

ಅವ್ವ ‘ಅಯ್ಯ’ ಅಂದಳು. ಅಪ್ಪ ಏನೂ ಅನ್ನಲಿಲ್ಲ.

ಟೇಪು ಪೂರ್ತಿ ಮುಗಿಯುವವರೆಗೆ ಬಿಟ್ಟೆವು. ಆಮೇಲೆ ಆ ನಾಲ್ಕು ನಿಮಿಷವನ್ನಷ್ಟೇ ಮತ್ತೆ ಎರಡು ಸಲ ಹಿಡಿದೆವು, ಪ್ರತಿ ಸಲ ಟ್ರ್ಯಾಕಿಂಗ್ ಗುಂಡಿಯನ್ನು ತುಸು ಆಚೀಚೆ ಮಾಡಿ. ಹಾರ್ಡ್ ಡಿಸ್ಕಿನಲ್ಲಿ ಈಗ ಆಯಿ ಮೂರು ಸಲ ಇದ್ದಳು. ಎರಡನೆಯ ಸಲದ್ದು ಮೊದಲ ಅರ್ಧಕ್ಕೆ ಸ್ವಚ್ಛ. ಮೂರನೆಯದು ಉಳಿದ ಅರ್ಧಕ್ಕೆ. ಎರಡನ್ನೂ ಕೂಡಿಸಬೇಕು. ಆದರೆ ಈ ಯಂತ್ರದಲ್ಲಿ ಕತ್ತರಿ ಬೇಕೆಂದ ಜಾಗಕ್ಕೆ ಸರಿಯಾಗಿ ಬೀಳುವುದಿಲ್ಲ, ಅರ್ಧ ಸೆಕೆಂಡು ಅತ್ತಿತ್ತ ಆಗುತ್ತದೆ. ಮಾತಿನ ನಡುವೆ ಕತ್ತರಿಸಿದರೆ ಹಾಡು ಮುಗ್ಗರಿಸುತ್ತದೆ. ಅವ್ವ ಕಣ್ಣು ಮುಚ್ಚಿ ಕೇಳುತ್ತ ಕೈ ಎತ್ತಿದಳು. ‘ಇಲ್ಲೆ ನೋಡ. ಮೂರನೇ ನುಡಿ ಮುಗದ ಮ್ಯಾಲೆ ಅತ್ತಿ ಉಸಿರು ತಗೋತಾರ. ಯಾವಾಗ್ಲೂ ಇಲ್ಲೆ ತಗೋತಿದ್ರು.’

ಅಲ್ಲಿಯೇ ಕತ್ತರಿಸಿದೆ. ವರ್ಷಗಟ್ಟಲೆ ಅತ್ತೆಯ ಜೊತೆ ಕೂತು ಹಾಡಿದವಳಿಗೆ ಮಾತ್ರ ಗೊತ್ತಿರುವ ಜಾಗ ಅದು. ಜೋಡಣೆ ಎಲ್ಲಿದೆ ಅಂತ ಇವತ್ತಿಗೂ ಯಾರೂ ಗುರುತಿಸಿಲ್ಲ.

ಊಟದ ಪಂಕ್ತಿಯ ನಲವತ್ತು ನಿಮಿಷ ತೆಗೆಯೋಣ ಅಂತ ಅಪ್ಪ ಅಂದ. ಅವ್ವ ಬಿಡಲಿಲ್ಲ. ಆ ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ಮಂದಿ ಈಗ ಇಲ್ಲ. ಅದು ಹಾಗೇ ಉಳಿಯಿತು. ಸಂಜೆಯ ಹೊತ್ತಿಗೆ ಮೂರು ಗಂಟೆಯನ್ನು ಎರಡು ಡಿಸ್ಕಿಗೆ ಇಳಿಸಿ, ಬೇರೆ ಪ್ಲೇಯರಿನಲ್ಲೂ ನಡೆಯಲಿ ಅಂತ ಫೈನಲೈಸ್ ಮಾಡಿದೆವು. ಮೂರು ಜೊತೆ ಮಾಡಿ ಒಂದನ್ನು ಗದಗಿಗೆ, ಅಕ್ಕನ ಮನೆಗೆ ಕಳಿಸಿದೆವು.

ಮೂರನೆಯ ದಿನ ರಾತ್ರಿ ಅಕ್ಕನ ಫೋನು. ಮೊದಲು ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅಂದಳು: ‘ತಮ್ಮಾ, ಎಲ್ಲಾ ಛಲೋ ಐತಿ. ಆದರ ಆಯಿ ಹಾಡು ಹುಡುಕೂದಕ್ಕ ಒಂದು ತಾಸು ಹಿಡೀತು. ಅದನ್ನ ಬ್ಯಾರೆ ಮಾಡಿ ಮೊದಲನೇದಕ್ಕ ಇಡಾಕ ಬರತೈತೇನು?’

ಅಪ್ಪ ಫೋನಿನ ಪಕ್ಕದಲ್ಲೇ ಇದ್ದ. ನನ್ನ ಉತ್ತರಕ್ಕೆ ಕಾಯದೆ ಎದ್ದುಹೋಗಿ ರೆಕಾರ್ಡರಿನ ಸ್ವಿಚ್ ಹಾಕಿದ. ಒಂದು ಹೊಸ ಡಿಸ್ಕಿನ ಪ್ಲಾಸ್ಟಿಕ್ಕು ಬಿಚ್ಚತೊಡಗಿದ.